ತೊಳೆದ ಕಾಲಿಗೆ ನೆಲವಿಲ್ಲ

ನಮ್ಮ ಮನೆಯ ಮುಂಬಾಗಿಲ ಮೆಟ್ಟಿಲ ಪಕ್ಕದಲ್ಲಿ ಒಂದು ತಾಮ್ರದ ಚೊಂಬು ಕೂತಿರುತ್ತದೆ. ಕೂತಿರುತ್ತದೆ ಎನ್ನುವುದೂ ಅತಿಶಯವೇ. ತಳ ಸೊಟ್ಟಗಾಗಿ ನನ್ನ ಹಾಗೆ ಒಂದು ಕಡೆಗೆ ವಾಲಿಕೊಂಡಿರುತ್ತದೆ. ಮಿತ್ರರೇ, ನೀವು ನರಸಿಂಹರಾಜಪುರಕ್ಕೆ ಬಂದು ನಮ್ಮಲ್ಲಿಗೂ ಬಂದರೆ ಅದನ್ನು ಕಂಡು ಮೂಗು ಮುರಿಯಬೇಡಿ. ಈಚೆಗೆ ನನ್ನ ಮಾನ ಉಳಿಸಿದ್ದು ಅದೇ.

ಮಗಳು ಎರಡನೆಯ ಹೆರಿಗೆಗೆ ಕೊಪ್ಪದ ಆಸ್ಪತ್ರೆ ಸೇರಿದಳು. ಜೊತೆಗೆ ನನ್ನಾಕೆ ಹೋದಳು. ಅಳಿಯನಿಗೆ ಶೃಂಗೇರಿಯ ಅಂಗಡಿ ಮತ್ತು ಆಸ್ಪತ್ರೆಯ ನಡುವೆ ಓಡಾಟ. ನಾಲ್ಕು ವರ್ಷದ ಮೊಮ್ಮಗಳು ಸಿರಿ ನನ್ನ ಪಾಲಿಗೆ ಬಂದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ, ಮಧ್ಯಾಹ್ನದ ಪೀರಿಯಡ್ಡಿನಲ್ಲಿ ಇಡೀ ತರಗತಿಯನ್ನೇ ಮಲಗಿಸಿದವನಿಗೆ ಒಂದು ಕೂಸನ್ನು ಮಲಗಿಸುವುದು ಯಾವ ಮಹಾವಿದ್ಯೆ ಎಂದು ಬೀಗಿದೆ. ಈ ಜಂಬದ ಕೋಳಿಯ ಪುಕ್ಕ ಅಂದು ಸಂಜೆಯೇ ಉದುರಿತು.

"ಅಮ್ಮ ಬರೂವರೆಗೆ ನಾನು ಮಲಗಲ್ಲ" ಎಂದು ಸಿರಿ ಗೇಟಿಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕತೆ ಹೇಳಿದೆ, ರಾಜ ಯುದ್ಧಕ್ಕೆ ಎಂತಕ್ಕೆ ಹೋದ, ಅವನ ಕುದುರೆಗೆ ಹುಲ್ಲು ಹಾಕಿದ್ದು ಯಾರು ಎಂದು ಕೇಳಿ ಕೇಳಿ ಅವಳ ಕಣ್ಣು ಇನ್ನಷ್ಟು ಅರಳಿತು. ಮೊಬೈಲು ಕೊಟ್ಟೆ, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಕೊನೆಗೆ ಅತ್ತು ಅತ್ತು ನನ್ನ ತೊಡೆಯ ಮೇಲೆಯೇ ನಿದ್ದೆಹೋದಳು. ನಿದ್ದೆಯಲ್ಲೂ ನಿಲ್ಲದ ಆ ಬಿಕ್ಕು ಕೇಳುತ್ತ ನನಗೆ ನಾಚಿಕೆಯಾಯಿತು. ಇವಳ ತಾಯಿಯನ್ನು ನಾನು ಒಂದು ದಿನವೂ ಮಲಗಿಸಿದವನಲ್ಲ. ಉತ್ತರಪತ್ರಿಕೆಗಳ ರಾಶಿಯ ಹಿಂದೆ ಕೂತು "ಗಲಾಟೆ ಮಾಡಬೇಡಿ" ಎನ್ನುವುದೇ ಆಗ ನನ್ನ ಜೋಗುಳವಾಗಿತ್ತು.

ಮರುದಿನ ನನ್ನ ಅಮ್ಮ ನೆನಪಾದಳು. ನಾವು ಬರಿಗಾಲಲ್ಲಿ ಊರು ಸುತ್ತಿ ಬಂದರೆ ಬಚ್ಚಲ ಹಂಡೆಯ ಬಿಸಿನೀರು ತಂದು ಕಾಲು ತೊಳೆದು, ಬೆರಳ ಸಂದಿಯನ್ನೂ ಸೆರಗಿನಲ್ಲಿ ಒರೆಸಿ, ಹಾಸಿಗೆಗೆ ಎತ್ತಿಕೊಂಡು ಹೋಗುತ್ತಿದ್ದಳು. ತೊಳೆದ ಕಾಲು ಮತ್ತೆ ನೆಲ ಮುಟ್ಟುವಂತಿಲ್ಲ, ಅದು ಅವಳ ಕಾನೂನು. ನಾನೂ ಸೊಟ್ಟ ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ತಂದೆ. ನೀರು ಹರಿದಂತೆ ಸಿರಿಯ ಬಿಗಿದ ಬೆರಳುಗಳು ಸಡಿಲಾದವು. ಒರೆಸಿ, ಎತ್ತಿಕೊಂಡು, ಒಂದೊಂದೇ ದೀಪ ಆರಿಸುತ್ತ ನಿಧಾನವಾಗಿ ಒಳಗೆ ನಡೆದೆ. ಹಾಸಿಗೆ ತಲುಪುವಷ್ಟರಲ್ಲಿ ಅವಳ ತಲೆ ನನ್ನ ಹೆಗಲಿಗೆ ಭಾರವಾಗಿತ್ತು. ನಿವೃತ್ತಿಯ ದಿನದ ಹಾರಗಳಿಂದಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ದಿನವೂ ಅದೇ ನೀರು, ಅದೇ ಟವೆಲು, ಅದೇ ದೀಪಗಳ ಸರದಿ. ನಿದ್ದೆ ಅಪ್ಪಣೆಗೆ ಓಡಿಬರುವ ಆಳಲ್ಲ, ಮನೆಗೆ ಬರುವ ಅತಿಥಿ. ಕಾಲಿಗೆ ನೀರು ಕೊಟ್ಟು ಕರೆದರೆ ತಾನಾಗಿ ಬರುತ್ತದೆ.

ಐದನೆಯ ಸಂಜೆ ಅವಳು ಹಟ ಹಿಡಿದು ನನ್ನ ಕಾಲನ್ನೂ ತೊಳೆದಳು. ಆಮೇಲೆ ಕಾನೂನು ನೆನಪಾಯಿತು. "ಅಜ್ಜಾ, ನೆಲ ಮುಟ್ಟಬೇಡ! ನಿನ್ನ ಎತ್ತಕ್ಕೆ ನಂಗೆ ಆಗಲ್ಲ, ಎಂತ ಮಾಡದು?" ಗಲ್ಲಕ್ಕೆ ಕೈಯಿಟ್ಟು ಯೋಚಿಸಿ ಎರಡು ಚಾಪೆ ಎಳೆದು ತಂದಳು. ಒಂದರ ಮೇಲೆ ನಾನು ನಿಂತರೆ ಇನ್ನೊಂದನ್ನು ಮುಂದೆ ಹಾಸುವುದು, ನಾನು ದಾಟಿದರೆ ಹಿಂದಿನದನ್ನು ಎಳೆದು ತರುವುದು. ನಾನು ಮಹಾರಾಜನಂತೆ ಹಾಸಿಗೆ ಸೇರುವ ಹೊತ್ತಿಗೆ ಸೇವಕಿಯೇ ಕೊನೆಯ ಚಾಪೆಯ ಮೇಲೆ ನಿದ್ದೆಹೋಗಿದ್ದಳು.

ಮುಂದಿನ ವಾರ ಮಗಳು ಹಸುಗೂಸಿನೊಡನೆ ಬಂದಿಳಿದಳು. ಆರತಿ ಮುಗಿಯುತ್ತಲೇ ಸಿರಿ ತಾಯಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಚೊಂಬನ್ನು ನನ್ನ ಕೈಗಿತ್ತಳು. "ಅಮ್ಮಂದೂ ತೊಳಿ ಅಜ್ಜಾ."

"ಎಂತ ಮಾರಾಯ್ರೆ, ಅಪ್ಪ ಮಗಳ ಕಾಲು ತೊಳೆಯೂದುಂಟಾ?" ಎಂದಳು ನನ್ನಾಕೆ. ಮದುವೆಯ ದಿನ ಬೆಳ್ಳಿತಟ್ಟೆಯಲ್ಲಿ ಅಳಿಯನ ಕಾಲು ತೊಳೆದಿದ್ದೆ. ಪಕ್ಕದಲ್ಲೇ ಇದ್ದ ಮಗಳ ಕಾಲಿನ ಕಡೆ ನೋಡಿಯೂ ಇರಲಿಲ್ಲ. ಬಗ್ಗಿ ಕೂತು ನೀರು ಹಾಕಿದೆ. "ಬೇಡ ಅಪ್ಪಯ್ಯ" ಎನ್ನುತ್ತಿದ್ದವಳು ಮೆಲ್ಲನೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಒಳಗೆ ಚಾಪೆ ಎಳೆಯುವ ಸದ್ದಾಗುತ್ತಿತ್ತು.

"ಇನ್ನೊಂಚೂರು ಹಾಕಿ ಅಪ್ಪಯ್ಯ" ಎಂದಳು.

ಸೊಟ್ಟ ಚೊಂಬಿನಲ್ಲಿ ನೀರು ಇನ್ನೂ ಇತ್ತು. ನಾನು ಅವಸರ ಮಾಡಲಿಲ್ಲ.