ಹತ್ತು ಬೆರಳಿನ ಭಯ

ನಮ್ಮ ಮನೆಯಲ್ಲಿ ಹೆದರಿಕೆ ಎಂದರೆ ಬೆರಳಿನ ಹೆದರಿಕೆ. ಚಿನಕುರಳಿಗೆ ಹತ್ತಿರದ ಹಳ್ಳಿಯೊಂದರ ದೇವಸ್ಥಾನದಲ್ಲಿ ನಾವು ತಲೆಮಾರುಗಳಿಂದ ಪೂಜೆಯವರು. ಅಂಗ ಊನವಾದವನು ಮೂಲವಿಗ್ರಹ ಮುಟ್ಟಬಾರದು ಎನ್ನುವುದು ನಮ್ಮಲ್ಲಿ ನಡೆದುಬಂದ ಕಟ್ಟು. ಅದು ಸರಿಯೋ ತಪ್ಪೋ ಎಂದು ಮನೆಯಲ್ಲಿ ಯಾರೂ ಜಗಳ ತೆಗೆದವರಲ್ಲ. ನನ್ನ ಚಿಕ್ಕಪ್ಪನ ಬಲಗೈಯ ಎರಡು ಬೆರಳು ಪ್ರಾಯದಲ್ಲೇ ಆಲೆಮನೆಯ ಗಾಣಕ್ಕೆ ಹೋದವು. ಮಾತಾಡುತ್ತಾ ನಿಂತವರು ಸುಮ್ಮನೆ ಒಂದು ಜಲ್ಲೆ ಕಬ್ಬು ಒತ್ತಿಕೊಡಲು ಹೋದರಂತೆ. ಅಂದಿನಿಂದ ಅವರು ಗರ್ಭಗುಡಿಯ ಹೊಸ್ತಿಲಿನ ಈಚೆಗೇ. ಹೂ ಕಟ್ಟುತ್ತಾರೆ, ನೀರು ತಂದು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿಯುತ್ತಾರೆ. ನಾನು ಒಳಗಿನಿಂದ ಆ ಬಿಂದಿಗೆ ಎತ್ತಿಕೊಳ್ಳುತ್ತೇನೆ.

ಇಂಥ ಮನೆಯಲ್ಲಿ ನನಗೆ ಮರಗೆಲಸದ ಹುಚ್ಚು ಹಿಡಿಯಿತು, ಅದೂ ನಲವತ್ತು ದಾಟಿದ ಮೇಲೆ. ಮುರಿದ ಊಟದ ಮಣೆಯೊಂದನ್ನು ಸರಿಮಾಡಲು ಯಾರದೋ ಉಜ್ಜುಗೊರಡು ಕೇಳಿ ತಂದಿದ್ದೆ. ಅದರ ಬಾಯಿಂದ ಮರ ಸುರುಳಿ ಸುರುಳಿಯಾಗಿ ಎದ್ದು ಬಂದದ್ದು ನೋಡಿ ತಲೆ ಕೆಟ್ಟಿತು. ಉಳಿ, ಕೊಡತಿ, ಗರಗಸ ತಂದು ಅಟ್ಟದಲ್ಲಿ ಬಚ್ಚಿಟ್ಟೆ. ಹೆಂಡತಿ ಹುಣಸೆಹಣ್ಣಿನ ಡಬ್ಬ ತೆಗೆಯಲು ಹತ್ತಿದವಳು ಕಂಡುಹಿಡಿದಳು. "ಇರೋ ಅನ್ನಕ್ಕೆ ಕಲ್ಲು ಹಾಕ್ಕೊಬೇಡ್ರಿ," ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದ ಚಿಕ್ಕಪ್ಪ ಬೈಯಲಿಲ್ಲ. ನಾನು ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಹಲಗೆಯನ್ನು ಪಾದದಡಿ ಒತ್ತಿಕೊಂಡು ಕೊಯ್ಯುವುದನ್ನು ನೋಡುತ್ತಾ ನಿಂತರು. "ಬಿಡು ಅಂದ್ರೆ ನೀನು ಬಿಡಲ್ಲ. ಮೊದಲು ಒಂದು ಬೆಂಚು ಮಾಡ್ಕೊ. ಮರಾನ ಬೆಂಚು ಹಿಡ್ಕೊಂಡಿರುತ್ತೆ, ನಿನ್ನ ಕೈ ದೂರ ಇರುತ್ತೆ," ಎಂದರು. ಹೀಗೆ ನನ್ನ ಮೊದಲ ಬೆಂಚು ಶುರುವಾದದ್ದು ಆಸೆಗಿಂತ ಹೆಚ್ಚಾಗಿ ಭಯದಿಂದ.

ಸಂತೆಬಾಚಹಳ್ಳಿ ಕಡೆಯ ರೈತರೊಬ್ಬರು ಹಳೇ ಕೊಟ್ಟಿಗೆ ಕೆಡವುತ್ತಿದ್ದಾರೆಂದು ತಿಳಿದು ಹೋದೆ. ಬೇವಿನ ತೊಲೆಗಳು, ಹೊಗೆ ಕುಡಿದು ಕಪ್ಪಾಗಿದ್ದವು. ಅವರು ನನ್ನ ಹಣೆಯ ನಾಮ ನೋಡಿದರು, ತೊಲೆ ನೋಡಿದರು. "ಅಲ್ಲಾ ಅಯ್ನೋರೆ, ಗಂಟೆ ಅಲ್ಲಾಡ್ಸೋ ಕೈಗೆ ಇದ್ಯಾಕೆ ಬೇಕಿತ್ತು? ಬೇವು ಕಣ್ರೀ ಇದು, ಕಬ್ಬಿಣ ಕಬ್ಬಿಣ ಆಗ್ಬುಟ್ಟದೆ. ಗಂಟು ಸಿಕ್ಕುದ್ರೆ ಉಳೀನೇ ಒದ್ದುಬುಡ್ತದೆ," ಎಂದರು. ಟ್ರಾಕ್ಟರಿನಲ್ಲಿ ತೊಲೆಯ ಪಕ್ಕ ಕೂತು ಬರುವಾಗ ದಾರಿಯುದ್ದಕ್ಕೂ ಅದರಲ್ಲಿ ಗಂಟು ಎಲ್ಲೆಲ್ಲಿದೆ ಎಂದು ಹುಡುಕುತ್ತಿದ್ದೆ.

ಬೆಂಚು ಮಾಡುವುದರಲ್ಲಿ ಒಂದು ಅನ್ಯಾಯವಿದೆ. ಮರ ಅಲ್ಲಾಡದಂತೆ ಹಿಡಿಯಲು ಬೆಂಚು ಬೇಕು, ಆದರೆ ಬೆಂಚು ಆಗುವವರೆಗೆ ಹಿಡಿಯುವವರು ಯಾರೂ ಇಲ್ಲ. ಎಲ್ಲಕ್ಕಿಂತ ಅಪಾಯದ ಕೆಲಸವನ್ನು ಏನೂ ಆಸರೆಯಿಲ್ಲದೆ, ಏನೂ ಬಾರದ ಹೊತ್ತಿನಲ್ಲೇ ಮಾಡಬೇಕು. ಅದಕ್ಕೆ ಚಿಕ್ಕಪ್ಪ ತಾವೇ ತೊಲೆಯ ಮೇಲೆ ಕುದುರೆ ಹತ್ತಿದಂತೆ ಕೂತರು. ನಾನು ಬೆಂಚಿನ ಕಾಲು ಕೂರಿಸುವ ಚೌಕದ ತೂತು ಕೊರೆಯುತ್ತಿದ್ದರೆ ಅವರ ಮೂರು ಬೆರಳಿನ ಕೈ ನನ್ನ ಕಣ್ಣೆದುರೇ ತೊಲೆಯನ್ನು ಅದುಮಿಕೊಂಡಿರುತ್ತಿತ್ತು. ಅಂಗೈ ಬೆವೆತು ಉಳಿಯ ಹಿಡಿ ಜಾರುತ್ತಿತ್ತು. ಪಂಚೆಗೆ ಒರೆಸಿಕೊಂಡು ಮತ್ತೆ ಹಿಡಿಯುತ್ತಿದ್ದೆ. ಬೆಳಗ್ಗೆ ಸಂಧ್ಯಾವಂದನೆಗೆ ಕೂತು ಬೆರಳ ಗೆಣ್ಣಿನ ಮೇಲೆ ಗಾಯತ್ರಿ ಎಣಿಸುವಾಗ, ಈ ಗೆಣ್ಣು ಹೋದರೆ ಎಣಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬ ಹಾಳು ಯೋಚನೆ ಬಂದು ಲೆಕ್ಕ ತಪ್ಪುತ್ತಿತ್ತು. ಆದರೂ ಮಂಗಳಾರತಿ ಮುಗಿದದ್ದೇ ತಡ, ಹಿತ್ತಿಲಿಗೆ ಓಡುತ್ತಿದ್ದೆ.

ಮೂರು ಕಾಲು ಕೂತವು. ನಾಲ್ಕನೆಯದರ ತುದಿ ತೂತಿಗಿಂತ ಕೂದಲೆಳೆಯಷ್ಟು ದಪ್ಪವಿತ್ತು. ಅಷ್ಟರಲ್ಲಿ ದೇವಸ್ಥಾನಕ್ಕೆ ಯಾರೋ ಮೈಸೂರಿನವರು ಬಂದಿದ್ದಾರೆಂದು ಕರೆ ಬಂತು. "ತೀರ್ಥದ ಬಟ್ಟಲು ಹೊಸ್ತಿಲಿನ ಈಚೆಗೇ ಇದೆ, ನಾನು ಕೊಟ್ಟು ಬರ್ತೀನಿ. ಬರೋ ತನಕ ಉಳಿ ಮುಟ್ಬೇಡ," ಎಂದು ಚಿಕ್ಕಪ್ಪ ಎದ್ದುಹೋದರು. ಮುಟ್ಟಿದೆ. ಬೆಂಚಿನ ಕಾಲನ್ನು ಮಂಡಿಯಲ್ಲಿ ಒತ್ತಿ, ಎಡಗೈಯಲ್ಲಿ ಮುಂದುಗಡೆ ಹಿಡಿದು, ಬಲಗೈಯಿಂದ ಉಳಿ ದೂಡಿದೆ. ಗಂಟು ಸಿಕ್ಕಿತು. ಉಳಿ ಒದ್ದುಕೊಂಡು ನೇರವಾಗಿ ಎಡಗೈ ತೋರುಬೆರಳಿಗೆ ಇಳಿಯಿತು.

ಮೊದಲು ನೋವಿರಲಿಲ್ಲ, ಬಿಸಿ ಇತ್ತು. ಬೆರಳು ಇದೆಯೋ ಇಲ್ಲವೋ ನೋಡಲು ಧೈರ್ಯ ಬರದೆ ಅದನ್ನು ಬಲಗೈ ಮುಷ್ಟಿಯಲ್ಲಿ ಬಿಗಿದುಕೊಂಡು ಕೂತುಬಿಟ್ಟೆ. ಸಂದಿಯಿಂದ ರಕ್ತ ಸೋರಿ ಹೊಟ್ಟಿನ ಸುರುಳಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ವಾಪಸು ಬಂದ ಚಿಕ್ಕಪ್ಪ ನನ್ನ ಮುಷ್ಟಿ ಬಿಡಿಸಿದರು. ಒಂದೊಂದೇ ಬೆರಳು ಮುಟ್ಟಿ ನೋಡಿದರು. "ಇದೆ," ಎಂದರು. ಹೆಗಲ ಮೇಲಿನ ಶಲ್ಯ ಸುತ್ತಿ ಕಟ್ಟಿದರು. ಹೆಂಡತಿ ಆಟೋ ಕರೆಸಿದಳು, ಮೂವರೂ ಪಾಂಡವಪುರಕ್ಕೆ ಹೋದೆವು.

ಡಾಕ್ಟರು ಹೊಲಿಗೆ ಹಾಕಿ, ಬೆರಳು ಮಡಿಸಲು ಹೇಳಿದರು. ಮಡಿಸಿದೆ. ಮಡಚಿಕೊಂಡಿತು. "ಏನೂ ಊನ ಆಗಲ್ಲ, ಹೆದರ್ಕೋಬೇಡಿ. ಇನ್ನೇನಾದ್ರೂ ಕೇಳೋದಿದ್ಯಾ?" ಎಂದರು. ಹೆಂಡತಿ ಆಗಲೇ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ನಾನು ಕೇಳಿದೆ: "ಉಳಿ ಹಿಡಿಯೋಕೆ ಯಾವಾಗ ಆಗುತ್ತೆ ಸಾರ್?"

ಅವಳ ಕೈ ಅಲ್ಲೇ ನಿಂತಿತು. ಡಾಕ್ಟರೇನೋ ಹೇಳಿದರು, ನನ್ನ ಕಿವಿಗೆ ಬೀಳಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಚಿಕ್ಕಪ್ಪ ನನ್ನ ಪಕ್ಕ ಕೂತಿದ್ದರು. ಊರು ಇನ್ನೂ ದೂರವಿದ್ದಾಗ ಮೆಲ್ಲಗೆ ಅಂದರು, "ಗಾಣಕ್ಕೆ ಸಿಕ್ಕಿದ ದಿನ ನಾನೂ ಡಾಕ್ಟರನ್ನ ಒಂದು ಮಾತು ಕೇಳಿದ್ದೆ ಕಣೋ. ಅಭಿಷೇಕ ಯಾವಾಗಿಂದ ಮಾಡಬಹುದು ಅಂತ. ಬೆರಳು ಇಲ್ಲ ಅನ್ನೋದು ಕಣ್ಣಿಗೆ ಕಾಣ್ತಾ ಇತ್ತು. ಆದ್ರೂ ಕೇಳಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕಟ್ಟು ಹಾಕಿದ ಬೆರಳನ್ನೇ ನೋಡುತ್ತಾ ಕೂತೆ.

ಮನೆ ಮುಂದೆ ಅವರೇ ಮೊದಲು ಇಳಿದು, ನನ್ನ ಬಲಗೈ ಹಿಡಿದು ಇಳಿಸಿಕೊಂಡರು. "ಗಾಯ ಮಾಯೋ ತನಕ ನೀನೂ ಒಳಗೆ ಹೋಗೋ ಹಾಗಿಲ್ಲ. ಪೂಜೆಗೆ ಶ್ರೀರಂಗಪಟ್ಟಣದಿಂದ ನಮ್ಮೋರು ಯಾರನ್ನಾದ್ರೂ ಕರೆಸ್ತೀನಿ," ಎಂದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟು, "ನನ್ನ ಪಕ್ಕ ನಿಂತ್ಕೊ, ಜಾಗ ಇದೆ," ಎಂದರು. ನಾಳೆ ಬೆಳಗ್ಗೆ ಹೊಸ್ತಿಲಿನ ಈಚೆ ಅವರ ಪಕ್ಕ ನಿಂತಾಗ, ಒಳಗೆ ಹೋಗಲಾಗದ್ದು ನನಗೇನೂ ಕಷ್ಟ ಅನ್ನಿಸದೇ ಹೋದರೆ ಏನು ಮಾಡಲಿ ಎಂದು ನನಗೆ ವಿಪರೀತ ಹೆದರಿಕೆಯಾಯಿತು.