ರಾಗಿ ಹಿಟ್ಟಿನ ಮೇಲಿನ ಗೆರೆ

ಮಂಜುಳಾಳ ಹಾವು ತಪ್ಪಿಸಿಕೊಂಡು ಹೋಗಲಿಲ್ಲ. ಅದು ನನ್ನ ಮನೆಯಲ್ಲೇ ಸತ್ತಿತು. ಸತ್ತಿತು ಅನ್ನುವುದೂ ತಪ್ಪು — ನನ್ನ ಅಸಡ್ಡೆ ಅದನ್ನು ಕೊಂದಿತು. ಆರು ವರ್ಷ ಇದನ್ನು ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಆಗಿದ್ದರೆ... ಇಲ್ಲ, ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ.

ಮಂಜುಳಾ ನನ್ನ ಒಬ್ಬಳೇ ತಂಗಿ. ರಾಯದುರ್ಗದಲ್ಲಿ ನನ್ನ ಜೊತೆ ಬೆಳೆದವಳು, ಮಡಕಶಿರಕ್ಕೆ ಕೊಟ್ಟಿದ್ದೆವು. ಅವಳ ಗಂಡ ನಾಗರಾಜ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಮಕ್ಕಳಾಗಲಿಲ್ಲ. ಅವನಿಗೆ ಹಾವುಗಳ ಮೇಲೆ ಏನೋ ಪ್ರೀತಿ. ಬೇಕಾದ ಕಾಗದಪತ್ರವನ್ನೆಲ್ಲ ಮಾಡಿಸಿ ಬೆಂಗಳೂರಿನಿಂದ ಒಂದು ಬಾಲ್ ಪೈಥಾನ್ ಮರಿ ತಂದ — ಹೊರದೇಶದ ಸಣ್ಣ ಜಾತಿಯ ಹೆಬ್ಬಾವು, ವಿಷವಿಲ್ಲ. ಹೆದರಿದರೆ ಮೈಮೇಲೆ ಬರುವುದಿಲ್ಲ, ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನ ಹಾಗೆ ಸುತ್ತಿಕೊಂಡುಬಿಡುತ್ತದೆ. ಕಪ್ಪು ಮೈ ಮೇಲೆ ಬೆಲ್ಲದ ಬಣ್ಣದ ಮಚ್ಚೆ. ಬೆಲ್ಲ ಎಂದೇ ಹೆಸರಿಟ್ಟ. ತಂದ ಮೂರನೇ ತಿಂಗಳಲ್ಲಿ ರೊಳ್ಳಕ್ಕೆ ಹೋಗುವ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ತಗುಲಿ, ಅವನು ಅಲ್ಲೇ ತೀರಿಕೊಂಡ.

ಆಮೇಲೆ ಮಂಜುಳಾ ಮಾತು ನಿಲ್ಲಿಸಿದಳು. ಹಾವಿನ ಮರಿಯೂ ಊಟ ಬಿಟ್ಟಿತು. ಅಲ್ಲಿಯವರೆಗೆ ಆ ಪೆಟ್ಟಿಗೆಯ ಹತ್ತಿರವೂ ಸುಳಿಯದಿದ್ದವಳು ಒಂದು ದಿನ ಗಂಡನ ನೋಟ್‌ಬುಕ್ ತೆಗೆದು ಓದಿದಳು. ಸತ್ತ ಸಣ್ಣ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದದ ಚಿಮಟದಲ್ಲಿ ಹಿಡಿದು, ಮರಿಯ ಮುಂದೆ ಮೆಲ್ಲಗೆ ಆಡಿಸುವುದು. ತಿಂದ ಮೇಲೆ ಎರಡು ದಿನ ಮುಟ್ಟದಿರುವುದು. ಎತ್ತುವಾಗ ತಲೆ ಹಿಡಿಯದೆ, ಹೊಟ್ಟೆಯ ಕೆಳಗೆ ಎರಡೂ ಕೈ ಕೊಡುವುದು. ಐದನೇ ಸಲವೋ ಆರನೇ ಸಲವೋ ಅದು ತಿಂದಿತು. ಆ ದಿನ ಅವಳು ನನಗೆ ಫೋನ್ ಮಾಡಿದಳು. ಗಂಡ ಹೋದ ಮೇಲೆ ಅವಳಾಗಿಯೇ ಆಡಿದ ಮೊದಲ ಮಾತು ಅದು — "ಅಣ್ಣ, ಬೆಲ್ಲ ಉಣ್ತು."

ನಾನು ಹೋದಾಗಲೆಲ್ಲ ನೋಡುತ್ತಿದ್ದೆ. ಬಳೆಯಿಲ್ಲದ ಅವಳ ಮುಂಗೈಗೆ ಅದು ಸುತ್ತಿಕೊಂಡಿರುತ್ತಿತ್ತು. ಅವಳು ಅದರ ಜೊತೆ ಏನೋ ಮಾತಾಡುತ್ತಿರುತ್ತಿದ್ದಳು.

ಮರುವರ್ಷ ಅವಳಿಗೆ ಗರ್ಭಕೋಶದ ಆಪರೇಷನ್ ಆಗಬೇಕಾಯಿತು. ಹಾವನ್ನು ಯಾರ ಹತ್ತಿರ ಬಿಡುವುದು? ನಾನು ಮೂವತ್ತು ವರ್ಷ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ನನಗಿಂತ ನಂಬಿಗಸ್ತ ಯಾರಿದ್ದಾರೆ? ಪೆಟ್ಟಿಗೆ, ಬಿಸಿ ಕೊಡುವ ದೀಪ, ಐಸ್ ಡಬ್ಬಿಯಲ್ಲಿ ಇಲಿಗಳು, ನೋಟ್‌ಬುಕ್ — ಎಲ್ಲವನ್ನೂ ತಂದು ನಮ್ಮ ಪಡಸಾಲೆಯಲ್ಲಿಟ್ಟು ಹೇಳಿದಳು: "ಜೀವ ಇರೋ ಇಲಿ ಮಾತ್ರ ಹಾಕಬ್ಯಾಡ ಅಣ್ಣ. ಇದು ತಿನ್ನದಿದ್ರೆ ಇಲೀನೇ ಇದನ್ನ ಕಡಿತೈತೆ."

ನಾನು ನಕ್ಕೆ. ಇಲಿ ಹಾವನ್ನು ಕಡಿಯುವುದೇ? "ನಾ ನೋಡ್ಕೋತೀನಿ, ನೀ ಹೋಗವ್ವ" ಎಂದೆ.

ಅವಳು ಹೋದ ಸಂಜೆಯೇ ನನ್ನ ಹೆಂಡತಿ ಗೌರಮ್ಮ ಫ್ರಿಜ್ ಮುಂದೆ ನಿಂತಳು. "ಇಲಿ ಹೆಣ ಇದರಾಗ ಇಡ್ತೀರೇನ್ರಿ? ಲಿಂಗಪೂಜೆ ಮಾಡೋ ಮನಿ ಇದು." ಅವಳ ಮಾತಿನಲ್ಲಿ ತಪ್ಪಿಲ್ಲ. ಬೇರೆ ಕಡೆ ವ್ಯವಸ್ಥೆ ಮಾಡಬೇಕಾದವನು ನಾನು. ಮಾಡಲಿಲ್ಲ. ಡಬ್ಬಿಯಲ್ಲಿದ್ದದ್ದನ್ನು ಬಯಲಿಗೆ ಎಸೆದು ಬಂದೆ. ನೋಟ್‌ಬುಕ್ಕನ್ನು ತೆರೆದೂ ನೋಡಲಿಲ್ಲ.

ಐದನೇ ದಿನ ಶೇಂಗಾ ಚೀಲಗಳ ಹತ್ತಿರ ಇಟ್ಟ ಬೋನಿಗೆ ಒಂದು ಇಲಿ ಬಿತ್ತು. ಮರಿಗೆ ಹೆಚ್ಚೇ ಅನ್ನಿಸುವಷ್ಟು ದೊಡ್ಡದು. ಅದನ್ನು ಹಾಗೇ ಪೆಟ್ಟಿಗೆಯೊಳಗೆ ಬಿಟ್ಟೆ. ಬೆಲ್ಲನ ಕಣ್ಣು ಮಂಜಾಗಿ, ಬೂದಿ ಬಣ್ಣಕ್ಕೆ ತಿರುಗಿತ್ತು. ಪೊರೆ ಬಿಡುವ ಮುಂಚೆ ಹಾಗಾಗುತ್ತದೆ, ಆಗ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಊಟ ಕೊಡಬಾರದು ಎಂದು ನಾಗರಾಜ ಬರೆದಿಟ್ಟಿದ್ದ. ನಾನು ಓದಿದ್ದು ಆಮೇಲೆ. ಪೆಟ್ಟಿಗೆ ಮುಚ್ಚಿ, ಗೆಳೆಯನ ಗೃಹಪ್ರವೇಶಕ್ಕೆಂದು ಕಣೇಕಲ್ಲಿನ ಬಸ್ ಹತ್ತಿದೆ. ರಾತ್ರಿ ಅಲ್ಲೇ ಉಳಿದೆ.

ಮರುದಿನ ಮಧ್ಯಾಹ್ನ ಬಂದು ಪೆಟ್ಟಿಗೆಯ ಬಾಗಿಲು ತೆಗೆದಾಗ — ಇಲಿ ಮೂಲೆಯಲ್ಲಿ ಕುಳಿತು ಮೂತಿ ಒರೆಸಿಕೊಳ್ಳುತ್ತಿತ್ತು. ಹಾವು ಚೆಂಡಾಗಿ ಸುತ್ತಿಕೊಂಡಿತ್ತು. ತಲೆ ಒಳಗಿತ್ತು. ಬೆನ್ನನ್ನು ಇಲಿ ಕಡಿದುಹಾಕಿತ್ತು, ಎರಡು ಕಡೆ ಎಲುಬು ಬೆಳ್ಳಗೆ ಕಾಣುತ್ತಿತ್ತು. ಅದು ಒಮ್ಮೆಯೂ ತಿರುಗಿ ಕಚ್ಚಿರಲಿಲ್ಲ. ಸುತ್ತನ್ನು ಇನ್ನಷ್ಟು ಬಿಗಿ ಮಾಡಿಕೊಂಡಿತ್ತು, ಅಷ್ಟೇ.

ಜೀವ ಇತ್ತು. ಎರಡು ದಿನ ಇತ್ತು. ನಾನು ದುಡಿದ ಆಸ್ಪತ್ರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಡಾಕ್ಟರರ ಹತ್ತಿರ ಒಯ್ಯಬಹುದಿತ್ತು. ಒಯ್ಯಲಿಲ್ಲ — ಇಷ್ಟು ವರ್ಷದ ಕಾಂಪೌಂಡರ್ ಹೀಗೆ ಮಾಡಿದನೇ ಅಂದಾರು ಎಂಬ ನಾಚಿಕೆ. ದನಗಳ ಗಾಯಕ್ಕೆ ಹಚ್ಚುವ ಮುಲಾಮು ಹಚ್ಚುತ್ತಾ ಕುಳಿತೆ. ಕೈ ತಗಲಿದಾಗಲೆಲ್ಲ ಅದರ ಮೈ ಸಣ್ಣಗೆ ಅದುರುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಸುತ್ತು ಸಡಿಲವಾಗಿತ್ತು.

ಕೋಟೆ ಬೆಟ್ಟದ ಬುಡದಲ್ಲಿ, ಒಂದು ಬೇವಿನ ಮರದ ಹತ್ತಿರ ಹೂತು ಬಂದೆ. ಗೌರಮ್ಮ, "ಇದ್ದದ್ದು ಇದ್ದಂಗ ಆಕಿಗೆ ಹೇಳ್ರಿ" ಎಂದಳು. "ನೀ ಸುಮ್ಮನಿರು" ಎಂದು ಗದರಿಸಿದೆ. ಫೋನ್ ಎತ್ತಿ ಮಂಜುಳಾಗೆ ಹೇಳಿದೆ — "ಹಾವು ಕಾಣವಲ್ದವ್ವ. ಪೆಟ್ಟಿಗಿ ಬಾಗಿಲು ತೆರೆದಿತ್ತು."

ಅವಳು ಹೇಳಿದಳು: "ಆ ಚಿಲಕ ಸಡ್ಲ ಆಗಿತ್ತು ಅಣ್ಣ. ನಾನೇ ನಿಂಗೆ ಹೇಳೋದು ಮರ್ತೆ."

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ನನ್ನ ತಪ್ಪನ್ನು ಅವಳು ತಾನಾಗಿಯೇ ಎತ್ತಿಕೊಂಡಳು, ನಾನು ಕೊಟ್ಟುಬಿಟ್ಟೆ.

ಹೊಲಿಗೆ ಮಾಯುವ ಮುಂಚೆಯೇ ಎರಡು ಬಸ್ ಬದಲಿಸಿ ಬಂದಳು. ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಮೊಣಕಾಲೂರಿ, ಮಂಚದ ಕೆಳಗೆ, ಚೀಲಗಳ ಸಂದಿಯಲ್ಲಿ, ಬಚ್ಚಲಿನ ತೂತಿನಲ್ಲಿ ಟಾರ್ಚ್ ಬಿಟ್ಟು ಹುಡುಕಿದಳು. ಅವಳ ಜೊತೆ ನಾನೂ ಹುಡುಕಿದೆ. ಚೀಲಗಳನ್ನು ಎತ್ತಿ ಎತ್ತಿ ಇಟ್ಟೆ. ಸಂಜೆ ಬಾಗಿಲುಗಳ ಹೊಸ್ತಿಲಿನ ಉದ್ದಕ್ಕೂ ರಾಗಿ ಹಿಟ್ಟು ಉದುರಿಸಿದಳು. ಹಾವು ಹರಿದರೆ ಗುರುತು ಬೀಳುತ್ತದೆಯಂತೆ. ಎರಡು ಬೆಳಿಗ್ಗೆ ಏನೂ ಬೀಳಲಿಲ್ಲ. ಎರಡನೇ ದಿನ ಅವಳ ಸೀರೆಯ ಮೇಲೆ ರಕ್ತದ ಕಲೆ ಕಂಡಿತು. ಆದರೂ ಹಿತ್ತಲಿನ ಕಲ್ಲು ಸರಿಸುತ್ತೇನೆ ಎಂದಳು.

ಮೂರನೇ ದಿನ, ಅವಳು ಏಳುವ ಮುಂಚೆ, ನಾನು ಒಂದು ಟವೆಲನ್ನು ಒದ್ದೆ ಮಾಡಿ ಹಗ್ಗದ ಹಾಗೆ ಹೊಸೆದು, ಹಿತ್ತಲ ಬಾಗಿಲಿನ ಹಿಟ್ಟಿನ ಮೇಲೆ ಎಳೆದೆ. ಅಂಕುಡೊಂಕಾಗಿ. ಹೊರಕ್ಕೆ.

ಅವಳ ಹೊಲಿಗೆ ಬಿಚ್ಚಬಾರದು ಎಂದು ಮಾಡಿದೆ ಅಂದುಕೊಳ್ಳುತ್ತೇನೆ. ಅವಳು ಹುಡುಕುವುದನ್ನು ನೋಡಲಾರದೆ ಮಾಡಿದೆ ಅನ್ನುವುದೇ ಹೆಚ್ಚು ನಿಜ.

ಮಂಜುಳಾ ಎದ್ದು ಬಂದು ಆ ಗೆರೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಮುಖ ಅರಳಿತ್ತು. "ಅಣ್ಣ, ನೋಡು. ಬದುಕೈತೆ. ಬೆಟ್ಟದ ಕಡೆ ಹೋಗೈತೆ. ಅಲ್ವಾ?"

"ಹೌದವ್ವ" ಎಂದೆ.

ಆ ಒಂದು ಮಾತಿನ ಮೇಲೆ ಅವಳು ಆರು ವರ್ಷ ಕಾದಳು. ಪ್ರತಿ ಚಳಿಗಾಲ ಫೋನ್ — "ಅಲ್ಲಿ ಚಳಿ ಜಾಸ್ತಿ ಐತಾ ಅಣ್ಣ? ಬೆಲ್ಲಂಗೆ ಚಳಿ ಆಗಿಬರಲ್ಲ." ನಮ್ಮ ಕಡೆ ಯಾರಾದರೂ ಹಾವು ಹೊಡೆದರು ಅಂದರೆ ನನ್ನನ್ನು ಕಳಿಸುತ್ತಿದ್ದಳು. ಹೋಗಿ ನೋಡಿ, ಅದಲ್ಲ ಎಂದು ಹೇಳುತ್ತಿದ್ದೆ. ಇಷ್ಟನ್ನು ಮಾತ್ರ ನಿಜವೇ ಹೇಳುತ್ತಿದ್ದೆ. ನನಗೋ, ಕೈ ತೊಳೆಯುವಾಗ, ಆಕಳ ಬೆನ್ನು ಸವರುವಾಗ, ಅದರ ಮೈಯ ಆ ಸಣ್ಣ ಅದುರುವಿಕೆ ಅಂಗೈಗೆ ಬರುತ್ತದೆ. ಈಗಲೂ.

ಮೊನ್ನೆ ಸೋಮವಾರ ಕಣೇಕಲ್ಲು ಕೆರೆಯ ಹತ್ತಿರ ಹೆಬ್ಬಾವು ಸಿಕ್ಕಿದೆ ಎಂದು ಯಾರೋ ಅವಳಿಗೆ ಹೇಳಿದರು. ನನಗೂ ತಿಳಿಸದೆ ಅಷ್ಟು ದೂರ ಬಂದು ನೋಡಿದಳು. ವಾಪಸು ಹೋಗುವ ಬಸ್ಸಿನಿಂದ ಫೋನ್ ಮಾಡಿದಳು. "ಅದಲ್ಲ ಅಣ್ಣ, ಇಲ್ಲೀದೇ ದೊಡ್ಡ ಹೆಬ್ಬಾವು. ಇರ್ಲಿ ಬಿಡು. ನಮ್ದು ಇನ್ನೂ ಎಲ್ಲೋ ಐತೆ." ಆ ದನಿಯಲ್ಲಿ ಬೇಸರವೇ ಇರಲಿಲ್ಲ.

ಮರುದಿನ ಮಡಕಶಿರಕ್ಕೆ ಹೋದೆ. ಗಂಡನ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಹಾಗೇ ಇತ್ತು. ಬಟ್ಟಲಿನಲ್ಲಿ ಹೊಸ ನೀರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಇಲಿ, ಟವೆಲ್, ಬೇವಿನ ಮರ. ಅವಳು ಅಳಲಿಲ್ಲ. ಬಿಚ್ಚಿಟ್ಟಿದ್ದ ಒಂದು ಮೊಬೈಲಿನ ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು.

"ಎರಡು ದಿನ ಬದುಕಿತ್ತಾ?"

"ಹ್ಞೂಂ."

"ನಂಗೆ ಹೇಳಿದ್ರೆ ಬರ್ತಿದ್ದೆ. ನನ್ನ ಕೈ ವಾಸನೆ ಅದುಕ್ಕೆ ಗೊತ್ತಿತ್ತು."

ಸ್ಕ್ರೂಗಳ ಡಬ್ಬಿ ಮುಚ್ಚಿ ಹೇಳಿದಳು: "ಆ ಜಾಗ ಅತ್ತಿಗೆಗೆ ತೋರ್ಸಿಡು. ಭಾನುವಾರ ಬರ್ತೀನಿ. ನಾನು ಬಂದಾಗ ನೀನು ಊರಾಗೆ ಇರಬ್ಯಾಡ."

ನಿನ್ನೆ ಗೌರಮ್ಮನನ್ನು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ಕಳೆ ಕಿತ್ತು, ಒಂದು ಕಲ್ಲು ಇಟ್ಟೆ. ಭಾನುವಾರ ಮೊದಲ ಬಸ್ಸಿಗೆ ಬೆಳುಗುಪ್ಪಕ್ಕೆ ಹೋಗುತ್ತೇನೆ. ಅಲ್ಲಿ ನನಗೆ ಕೆಲಸವೇನೂ ಇಲ್ಲ. ಅವಳು ವಾಪಸು ಹೋಗುವ ಬಸ್ಸು ಹತ್ತಿದಳೆಂದು ಗೌರಮ್ಮ ಫೋನ್ ಮಾಡುವವರೆಗೆ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿರುತ್ತೇನೆ.