ಸೆರಗಿನಡಿಯ ಇಂಗ್ಲಿಷು

ಆ ಹೆಂಗಸನ್ನು ಕಂಡರೆ ನನಗಾಗುತ್ತಿರಲಿಲ್ಲ. ಅವಳಿಗೂ ನನ್ನನ್ನು ಕಂಡರೆ ಅಷ್ಟೇ. ಕಲಿಸುವವರಿಗೂ ಕಲಿಯುವವರಿಗೂ ನಡುವೆ ಪ್ರೀತಿ ಇರಲೇಬೇಕು ಅನ್ನುವವರು ನಮ್ಮಿಬ್ಬರ ಮುಂದೆ ಒಂದು ಸಂಜೆ ಕೂತು ನೋಡಬೇಕಿತ್ತು.

ಎಪ್ಪತ್ತರ ದಶಕದ ಕೊನೆ. ನಮ್ಮ ಬೀದಿಯ ದಿನಸಿ ಅಂಗಡಿಯವನ ತಮ್ಮ ವಿಯೆಟ್ನಾಮಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದವನು, ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಅಲ್ಲೇ ಬಿಟ್ಟು, ಆ ದೇಶದವಳೇ ಆದ ಹೆಂಡತಿಯನ್ನು ಕರೆದುಕೊಂಡು ತಮಿಳುನಾಡಿನ ಅಂಚಿನ ನಮ್ಮ ತಾಳವಾಡಿ ಬೆಟ್ಟ ಹತ್ತಿ ಬಂದ. ಬಂದವನು ಹೆಚ್ಚು ದಿನ ಉಳಿಯಲಿಲ್ಲ. ಅವನು ಸತ್ತ ಮೇಲೆ ಅವಳು ಭಾವನ ಮನೆಯಲ್ಲಿ ಸಂಬಳವಿಲ್ಲದ ಅಡುಗೆಯವಳಾದಳು.

ಸತ್ಯಮಂಗಲದ ಆಚೆ, ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಇಂಗ್ಲಿಷ್ ಶಾಲೆಯೊಂದರಲ್ಲಿ ಹಾಸ್ಟೆಲಿಗೆ ವಾರ್ಡನ್ ಬೇಕಾಗಿತ್ತು. ಊಟ, ಇರುವುದಕ್ಕೆ ಒಂದು ಕೋಣೆ. ಭಾವನ ಒಲೆಯಿಂದ ಪಾರಾಗಲು ಅವಳಿಗೆ ಇದ್ದ ದಾರಿ ಅದೊಂದೇ. ತನ್ನ ಊರಿನಲ್ಲಿ ಅವಳು ಅಮೆರಿಕದವರ ಆಫೀಸಿನಲ್ಲಿ ಟೈಪ್ ಮಾಡಿದ್ದಳು. ಇಂಗ್ಲಿಷ್ ನನಗಿಂತ ಎಷ್ಟೋ ಚೆನ್ನಾಗಿ ಬರುತ್ತಿತ್ತು. ಆದರೆ ಬಾಯಿ ಬಿಟ್ಟರೆ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ರೈಸ್, ರೈಟ್, ರೈಡ್ ಎಲ್ಲವೂ ಅವಳ ಬಾಯಲ್ಲಿ ಬರೀ ‘ರೈ’. ಪದದ ಕೊನೆಯನ್ನು ನುಂಗಿಬಿಡುತ್ತಿದ್ದಳು.

ನಾನು ಮಿಷನ್ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾ ಇಂಗ್ಲಿಷ್ ಕಲಿತವಳು, ಆಮೇಲೆ ಆಡಿನ ವ್ಯಾಪಾರಕ್ಕಿಳಿದವಳು. ನನಗೆ ವ್ಯಾಕರಣ ಗೊತ್ತಿಲ್ಲ. ಆದರೆ ನನ್ನ ಮಾತು ಎದುರಿನವರ ಕಿವಿಗೆ ಹೋಗಿ ಮುಟ್ಟುತ್ತಿತ್ತು. ಒಂದು ಸಂಜೆ ಅವಳು ಬಂದು ಮಾತು ತಿದ್ದಿಕೊಡು ಅಂತ ಕೇಳಿದಳು. ರವಿಕೆ ಹೊಲಿದುಕೊಟ್ಟರೆ ಹೇಳಿಕೊಡುತ್ತೇನೆ ಅಂದೆ. ಪುಕ್ಕಟೆ ಕಲಿಸಬೇಡಿ, ಕಲಿಯುವವರಿಗೆ ಅದರ ಬೆಲೆ ತಿಳಿಯುವುದಿಲ್ಲ.

ನಮ್ಮಪ್ಪ ದನದ ದಳ್ಳಾಳಿ. ಸಂತೆಯಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ, ಒಪ್ಪಿಗೆಯಾಗುವ ತನಕ ಕೈ ಬಿಡುವುದಿಲ್ಲ. ನನಗೆ ಅದು ಪೂರ್ತಿ ಬರುತ್ತಿತ್ತು. ಆದರೆ ನಾನು ವ್ಯಾಪಾರಕ್ಕೆ ಹೋದಾಗ ಗಂಡಸರು, “ಎಣ್ಣಾಳ ಕೈ ಇಡ್ಕೊಂಡು ಯಾವಾರ ಮಾಡಕ್ಕಾದ್ದಾ? ಓಗವ್ವ ಅತ್ಲಾಗೆ” ಅಂದರು. ಅದಕ್ಕೇ ನಾನು ಬೆಲೆಯನ್ನು ಸಂತೆಗೆಲ್ಲ ಕೇಳುವಂತೆ ಕೂಗುವುದನ್ನು ಕಲಿತೆ.

ಬಾಯಲ್ಲಿ ಎಷ್ಟು ಹೇಳಿದರೂ ಅವಳಿಗೆ ಹತ್ತಲಿಲ್ಲ. ಕೊನೆಗೆ ಅವಳ ಕೈಯನ್ನು ನನ್ನ ಸೆರಗಿನೊಳಕ್ಕೆ ಎಳೆದುಕೊಂಡೆ. ಒಂದು ಪದ ಹೇಳಿಸುವುದು, ಕೊನೆಗೆ ಬಂದಾಗ ಕಿರುಬೆರಳು ಒತ್ತುವುದು, ಆ ಕೊನೆಯ ಸದ್ದು ಹೊರಗೆ ಬರುವ ತನಕ ಬಿಡದಿರುವುದು. ಮೊದಲು ನಮ್ಮವರ ಹಾಗೆ ‘ರೈಸು’ ಅಂತ ಹೇಳಿಸಿದೆ. ಆಮೇಲೆ ಆ ಉಕಾರವನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿದೆ.

ಅವಳು ಕೈ ಕಿತ್ತುಕೊಂಡಳು. ಗಂಡನಿಂದ ಕಲಿತ ಹರಕು ತಮಿಳಿನಲ್ಲಿ, “ನಾನೇನು ದನವಾ?” ಅಂದಳು.

“ದನ ಆಗಿದ್ರೆ ಇಷ್ಟೊತ್ಗೆ ಮಾರಾಗೋಗಿರೋದು. ಯೋಳು, ರೈಟ್.”

“ನಿನಗೇ ಸರಿಯಾಗಿ ಬರಲ್ಲ.”

“ನಂಗೆ ಕೆಲ್ಸ ಬ್ಯಾಡ. ನಿಂಗೆ ಬೇಕು. ಯೋಳು.”

ಹಲ್ಲು ಕಚ್ಚಿಕೊಂಡು ಹೇಳಿದಳು. ಸಿಟ್ಟು ಬಂದಾಗಲೇ ಕೊನೆಯ ಸದ್ದು ಚೆನ್ನಾಗಿ ಬರುತ್ತದೆ ಅಂತ ನನಗೆ ತಿಳಿದದ್ದು ಆಗ. ಅಲ್ಲಿಂದ ಮುಂದೆ ದಿನಾ ಸಿಟ್ಟೆಬ್ಬಿಸಿಯೇ ಪಾಠ ಶುರು ಮಾಡುತ್ತಿದ್ದೆ. ಅದಕ್ಕೆ ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ಸಂದರ್ಶನಕ್ಕೆ ಭಾವನೂ ಹೊರಟ. ಮನೆಯ ಹಿರಿಯ ಬರಬೇಕು ಅಂದ. ಯಾಕೆ ಬರುತ್ತಾನೆ ಅಂತ ನನಗೆ ಗೊತ್ತಿತ್ತು, ನಾನೂ ಬಸ್ ಹತ್ತಿದೆ. ಬೆಟ್ಟದಂಚಿನ ದಿಂಬಂನಲ್ಲಿ ಟೀ ಕುಡಿದು ಮೂವರೂ ಘಾಟಿ ಇಳಿದೆವು.

ದೊಡ್ಡ ಸಿಸ್ಟರ್ ಅವಳನ್ನು ಕೇಳುವ ಮೊದಲೇ ಅವನು ತಮಿಳಿನಲ್ಲಿ ಶುರು ಮಾಡಿದ: “ಇವಳ ಇಂಗ್ಲಿಷ್ ಯಾರಿಗೂ ಅರ್ಥವಾಗಲ್ಲಮ್ಮ. ಒಬ್ಬಳೇ ಬಿಡುವ ಹಾಗೂ ಇಲ್ಲ. ಸುಮ್ಮನೆ ಹಠಕ್ಕೆ ಬಂದಿದ್ದಾಳೆ.”

ಸಿಸ್ಟರ್ ಅವಳ ಕಡೆ ತಿರುಗಿ, ನಡುರಾತ್ರಿ ಒಂದು ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀಯ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅವಳ ಎರಡು ಕೈಯೂ ಮಡಿಲಲ್ಲಿದ್ದವು. ಬಲಗೈ ಎಡಗೈಯ ಕಿರುಬೆರಳನ್ನು ಹಿಡಿದಿತ್ತು. ಹಣೆ ಮುಟ್ಟಿ ನೋಡುತ್ತೇನೆ, ಒದ್ದೆ ಬಟ್ಟೆ ಹಾಕುತ್ತೇನೆ, ಡಾಕ್ಟರನ್ನು ಕರೆಸುತ್ತೇನೆ, ಯಾರ ಅಪ್ಪಣೆಗೂ ಕಾಯುವುದಿಲ್ಲ ಅಂದಳು. ನಿಧಾನವಾಗಿ, ಒಂದೊಂದು ಪದವನ್ನೂ ಕೊನೆಯ ತನಕ. ಕೊನೆಯ ಮಾತನ್ನು ಹೇಳುವಾಗ ನೋಡಿದ್ದು ಭಾವನನ್ನು. ಅವನು ಬಾಯಿ ಹಾಕಲು ಹೋದ. ಸಿಸ್ಟರ್ ಕೈ ಎತ್ತಿ ತಡೆದರು.

“ಯಾವತ್ತು ಸೇರುತ್ತೀಯ?”

“ಟುಡೇ,” ಅಂದು ಕಾಲ ಬಳಿಯ ಚೀಲ ಮುಂದಕ್ಕೆ ತಳ್ಳಿದಳು. ಬಟ್ಟೆಬರೆ ಎಲ್ಲ ಕಟ್ಟಿಕೊಂಡೇ ಬಂದಿದ್ದಳು. ನನಗೂ ಹೇಳಿರಲಿಲ್ಲ.

ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ನಾನೂ ಕಾಯಲಿಲ್ಲ. ರವಿಕೆಗಳು ಬಂದಿದ್ದವು, ಲೆಕ್ಕ ಸರಿಹೋಗಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಅವಳ ಭಾವ ಹಿಂದಿನ ಸೀಟಿನಿಂದಲೇ ಬೈದ. “ಮನೆ ಮುರ್ದ್ಬುಟ್ಟಲ್ಲವ್ವ ನೀನು. ನಾಳೆಯಿಂದ ಅಡುಗೆ ಯಾರ್ ಮಾಡ್ತಾರು?”

“ಒಲೆ ಎಲ್ಲದೆ ಅಂತ ಗೊತ್ತಲ್ವಾಣ್ಣ? ಗೊತ್ತಿಲ್ದಿದ್ರೆ ಯೋಳು, ಬಂದು ತೋರುಸ್ತೀನಿ.”

ಬಸ್ಸಿನಲ್ಲಿದ್ದವರು ನಕ್ಕರು. ಅವನು ಮರುದಿನದಿಂದ ತನ್ನ ಅಂಗಡಿಯಲ್ಲಿ ನನಗೆ ಸಾಮಾನು ಕೊಡುವುದನ್ನು ನಿಲ್ಲಿಸಿದ. ನಾನು ಪಕ್ಕದ ಗೆಟ್ಟವಾಡಿ ಊರಿನವರ ಜೊತೆ ಚಾಮರಾಜನಗರಕ್ಕೆ ಹೋಗಿ ತರತೊಡಗಿದೆ. ಅಲ್ಲಿನ ಬೆಲ್ಲವೇ ಚೆನ್ನಾಗಿತ್ತು. ಅವಳು ಮತ್ತೆ ಒಂದು ಸಲವೂ ಬೆಟ್ಟ ಹತ್ತಲಿಲ್ಲ.